ನಾಲ್ಕನೇ ಟೇಕಿನಲ್ಲಿ ಮೂರೇ ಟ್ರಂಪೆಟ್

ಮನೆಯಿಂದ, ಹೊಲಿಗೆ ಮಿಷನ್ನಿನ ಪಕ್ಕದ ಮೇಜು
ಶನಿವಾರ, ಮಾರ್ಚ್ ೧೪, ಬೆಳಿಗ್ಗೆ

ನನ್ನ ಗುಬ್ಬೀ,

ನಿನಗೆ ನಲವತ್ತೊಂದು ತುಂಬಿತು, ನಿನ್ನ ಕೈಕೆಳಗೆ ನಕ್ಷೆ ಬರೆಯುವವರು ಹನ್ನೆರಡು ಜನ ಇದ್ದಾರೆ. ಆದರೂ ಪೆನ್ನು ಹಿಡಿದರೆ ನನ್ನ ಕೈ ಈ ಹೆಸರನ್ನೇ ಬರೆಯುತ್ತದೆ, ಸಿಡುಕಬೇಡ. ಹೇಗಿದ್ದೀಯ? ಈ ವರ್ಷ ಎದೆಯ ಡಾಕ್ಟರಿಗೆ ತೋರಿಸಿಕೊಂಡೆಯಾ? ಫೋನಿನಲ್ಲಿ ಕೇಳಿದರೆ "ಹ್ಞೂಂ ಅಮ್ಮಾ" ಅನ್ನುತ್ತೀಯ. ಆ ಹ್ಞೂಂ ತೋರಿಸಿಕೊಂಡೆ ಅನ್ನುವುದೋ, ಸಾಕು ಬಿಡು ಅನ್ನುವುದೋ ನನಗೆ ತಿಳಿಯುವುದಿಲ್ಲ. ಅಳಿಯಂದಿರ ಬೆನ್ನುನೋವು ಕಡಿಮೆಯಾಯಿತೇ? ದಿಂಬಿಲ್ಲದೆ ಮಲಗಲು ಹೇಳು, ನಾನು ಹೇಳಿದೆ ಅಂತ ಹೇಳಬೇಡ. ನನ್ನ ವಿಷಯ ಕೇಳಿದರೆ, ಮೆಟ್ಟಿಲು ಕಂಡರೆ ಮಂಡಿ ಮುನಿಸಿಕೊಳ್ಳುತ್ತದೆ, ಸೂಜಿಗೆ ದಾರ ಪೋಣಿಸುವಷ್ಟರಲ್ಲಿ ಕಣ್ಣಲ್ಲಿ ನೀರು ಬರುತ್ತದೆ. ಕಿವಿ ಮಾತ್ರ ಇನ್ನೂ ಚುರುಕಾಗಿದೆ. ಆ ಕಿವಿಯ ದೆಸೆಯಿಂದಲೇ ಈ ಕಾಗದ ಬರೆಯುವ ಹಾಗಾಯಿತು.

ನಿಮ್ಮಪ್ಪ ಹೋಗಿ ಎಂಟು ತಿಂಗಳಾಯಿತು. ಅವರ ಟ್ರಂಪೆಟ್ ಪೆಟ್ಟಿಗೆ ಬಾಗಿಲ ಹಿಂದೆಯೇ ಇದೆ. ಗುಡಿಸುವಾಗ ಅದರ ಸುತ್ತ ಗುಡಿಸಿ ಮುಂದೆ ಹೋಗುತ್ತೇನೆ. ಹೋದ ತಿಂಗಳು ಒಬ್ಬಾಕೆ ಮನೆಗೆ ಬಂದಳು, ಹೆಚ್ಚುಕಡಿಮೆ ನಿನ್ನದೇ ವಯಸ್ಸು. ರೆಕಾರ್ಡ್ ಕಂಪನಿಯಲ್ಲಿ ಹಳೆಯ ಟೇಪುಗಳನ್ನು ಒರೆಸಿ, ಹರಿದಲ್ಲಿ ಅಂಟಿಸಿ, ಮತ್ತೆ ಕೇಳುವ ಹಾಗೆ ಮಾಡುವುದು ಅವಳ ಕೆಲಸ. ನಾನು ಟೇಪಿನಾಕೆ ಎಂದೇ ಕರೆಯುತ್ತೇನೆ, ಅವಳೂ ಓಗೊಡುತ್ತಾಳೆ. ಮೇಷ್ಟ್ರು ಮಾಡಿದ ಧ್ವನಿಮುದ್ರಣಗಳನ್ನೆಲ್ಲ ಕಂಪನಿಯವರು ಒಟ್ಟಾಗಿ ಹೊರತರುತ್ತಿದ್ದಾರಂತೆ. ಮೇಷ್ಟ್ರ ಹೆಸರೆತ್ತಿದರೆ ನಿನಗಾಗದು, ನನಗೆ ಗೊತ್ತು. ಊರೆಲ್ಲ ಅವರನ್ನು ಜಾಝ್ ಸಂಗೀತದ ದೊಡ್ಡ ಸಂಯೋಜಕ, ಹದಿನೈದು ಜನರ ಬ್ಯಾಂಡನ್ನು ಒಂದೇ ವಾದ್ಯದಂತೆ ನುಡಿಸಿದವರು ಎಂದು ಹೊಗಳುವಾಗ, ನೀನು ಅಂಗಡಿಯಲ್ಲಿ ಅವರ ರೆಕಾರ್ಡ್ ಕೇಳಿಸಿದರೆ ಸಾಮಾನು ಬಿಟ್ಟು ಆಚೆ ಬರುತ್ತಿದ್ದವಳು. ಆದರೂ ಇದೊಂದು ಸಲ ಪೂರ್ತಿ ಓದು.

ಹಳೆಯ ರೆಕಾರ್ಡುಗಳ ಮೇಲೆ ಮೇಷ್ಟ್ರ ಹೆಸರು, ಕೆಳಗೆ 'ಮತ್ತು ತಂಡ' ಎಂದಷ್ಟೇ ಇದೆಯಲ್ಲ, ಯಾವ ಹಾಡಿನಲ್ಲಿ ಯಾರು ನುಡಿಸಿದ್ದಾರೆ ಎಂದು ಹೇಳಲು ಈಗ ಯಾರೂ ಉಳಿದಿಲ್ಲ. ಮೇಷ್ಟ್ರಿಲ್ಲ. ಹದಿನೈದು ಜನರಲ್ಲಿ ಇರುವುದು ಡ್ರಮ್ಮಿನವರೊಬ್ಬರೇ, ಅವರಿಗೆ ತಮ್ಮ ಮಗನ ಗುರುತೂ ಸಿಗುತ್ತಿಲ್ಲ. "ಆ ಬ್ಯಾಂಡಿಗೆ ಕೋಟು ಹೊಲೀತಿದ್ದವರು ನೀವೇ ಅಲ್ವಾ ಅಮ್ಮಾ?" ಎಂದು ಟೇಪಿನಾಕೆ ಕೇಳಿದಳು. ಹದಿನೆಂಟು ವರ್ಷ ಹೊಲಿದೆನಮ್ಮ, ಬಿಳೀ ಕೋಟು, ಕಪ್ಪು ಕಾಲರು ಎಂದೆ. ತಾಲೀಮಿನ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತು ಗುಂಡಿ ಹಾಕುತ್ತಿದ್ದೆ. ಟ್ರಾಂಬೋನಿನ ಉದ್ದಣ್ಣನ ಬಲಗೈ ಕಂಕುಳು ತಿಂಗಳಿಗೊಮ್ಮೆ ಹರಿಯುತ್ತಿತ್ತು. ಮೇಷ್ಟ್ರು ಪಿಯಾನೊ ಮುಂದೆ ಎಷ್ಟು ನಾಜೂಕೋ ಊಟದ ಮುಂದೆ ಅಷ್ಟೇ ಧಾರಾಳ, ಸೊಂಟದ ಹೊಲಿಗೆ ವರ್ಷಕ್ಕೆರಡು ಸಲ ಬಿಚ್ಚಬೇಕಿತ್ತು. ಅವರು ವಾದ್ಯಕ್ಕಾಗಿ ಬರೆದವರಲ್ಲ, ಆಳಿಗಾಗಿ ಬರೆದವರು. ಒಬ್ಬೊಬ್ಬರ ಸ್ವರದ ಹಾಳೆಯ ತಲೆಯ ಮೇಲೆ ಅವರವರ ಅಡ್ಡಹೆಸರಿರುತ್ತಿತ್ತು. ನಿಮ್ಮಪ್ಪನ ಹಾಳೆಯಲ್ಲಿ 'ಎರಡನೇ ಟ್ರಂಪೆಟ್' ಎಂದು ಯಾವತ್ತೂ ಬರೆಯಲಿಲ್ಲ, 'ಮೂಗ' ಎಂದು ಬರೆಯುತ್ತಿದ್ದರು. ಟ್ರಂಪೆಟ್ಟಿನ ಬಾಯಿಗೆ ತಗಡಿನ ಬಿರಡೆ ಇಟ್ಟು ಪಿಸುಮಾತಿನ ಹಾಗೆ ನುಡಿಸುತ್ತಿದ್ದರಲ್ಲ, ಅದಕ್ಕೆ. ಮನೆಯಲ್ಲೂ ಅವರು ಹಾಗೇ ಇದ್ದರು.

ಎಂಟು ದಿನ ಕಂಪನಿಯ ಕೋಣೆಗೆ ಹೋಗಿ ಬಂದೆ. ಕಿಟಕಿಯಿಲ್ಲದ ಕೋಣೆ, ಗೋಡೆಗೆಲ್ಲ ಬೂದುಬಣ್ಣದ ಮೆತ್ತೆ, ತಲೆಯ ಮೇಲೆ ಕಿವಿಮುಚ್ಚುವ ಹೆಡ್‌ಫೋನು. ಟೇಪಿನಾಕೆ ಒಂದೊಂದೇ ಟೇಪು ಹಚ್ಚುತ್ತಾಳೆ, ನಾನು ಹೇಳುತ್ತಾ ಹೋಗುತ್ತೇನೆ: ಸ್ವರಕ್ಕೆ ಮೊದಲು ಮೂಗಿನಲ್ಲಿ ಉಸಿರೆಳೆದರು ನೋಡು, ಇದು ಸ್ಯಾಕ್ಸೊಫೋನಿನ ದೊಡ್ಡವರು, ಇದು ಅವರ ತಮ್ಮ, ಯಾವಾಗಲೂ ಕೂದಲೆಳೆಯಷ್ಟು ಅವಸರ. ಅವಳು ಬರೆದುಕೊಳ್ಳುತ್ತಾಳೆ. ಎರಡನೆಯ ದಿನ ನನ್ನ ಕೈ ತಾನಾಗಿ ಮಡಿಲಲ್ಲಿ ಸೂಜಿ ಹುಡುಕುತ್ತಿತ್ತು. ಅವರೆಲ್ಲ ಆ ಕತ್ತಲೆಯೊಳಗೆ ಉಸಿರಾಡುತ್ತಾ ಕೂತಿದ್ದಾರೆ, ಈಗ ಎದ್ದು ಬಂದು ಗುಂಡಿ ಕಿತ್ತುಹೋಯಿತು ಅನ್ನುತ್ತಾರೆ ಅನಿಸುತ್ತಿತ್ತು. ನಿಮ್ಮಪ್ಪನ ದನಿ ಬಂದಾಗಲೆಲ್ಲ ನಾನು ಹೇಳುವ ಮೊದಲೇ ಅವಳಿಗೆ ತಿಳಿಯುತ್ತಿತ್ತು. ನೀರಿನ ಲೋಟ ನನ್ನ ಕಡೆ ಸರಿಸುತ್ತಿದ್ದಳು.

ಆರನೆಯ ದಿನ 'ಬೆಳಗಿನ ಟ್ರಾಮು' ಬಂತು. ಮೇಷ್ಟ್ರ ಸಂಯೋಜನೆಗಳಲ್ಲೆಲ್ಲ ಹೆಚ್ಚು ಹೆಸರಾದದ್ದು ಅದೇ, ನಿನಗೂ ಕಿವಿಗೆ ಬಿದ್ದಿರಲೇಬೇಕು. ನಡುವೆ ಅರ್ಧ ನಿಮಿಷ ನಿಮ್ಮಪ್ಪ ಒಬ್ಬರೇ ನುಡಿಸುತ್ತಾರೆ. ಆ ಭಾಗದ ಕೊನೆಯ ಸ್ವರ ಬೇಕಾದದ್ದಕ್ಕಿಂತ ಒಂದು ಎಣಿಕೆ ಮುಂಚೆಯೇ ನಿಂತುಹೋಗುತ್ತದೆ, ಅಲ್ಲಿ ಒಂದು ಕ್ಷಣ ಏನೂ ಇಲ್ಲ, ಆಮೇಲೆ ಮೇಷ್ಟ್ರ ಪಿಯಾನೊ ಮೆಲ್ಲಗೆ ಒಳಬರುತ್ತದೆ. ಆ ಒಂದು ಕ್ಷಣದ ಬಗ್ಗೆ ಪತ್ರಿಕೆಗಳಲ್ಲಿ ಪುಟಗಟ್ಟಲೆ ಬರೆದಿದ್ದಾರೆ, ಮೌನವನ್ನೂ ವಾದ್ಯ ಮಾಡಿಕೊಂಡ ಸಂಯೋಜಕ ಎಂದು. ಇವತ್ತಿಗೂ ಅದನ್ನು ನುಡಿಸುವವರು ಆ ಎಣಿಕೆ ಖಾಲಿ ಬಿಡುತ್ತಾರಂತೆ. ಟೇಪಿನಾಕೆಯ ಅನುಮಾನ ಬೇರೆಯೇ ಇತ್ತು. "ಮೊದಲ ಮೂರು ಸಲ ನುಡಿಸಿದಾಗ ಈ ಸ್ವರ ಪೂರ್ತಿ ಇದೆ ಅಮ್ಮಾ. ಕೊನೇಲಿ ಎಲ್ಲರೂ ಸೇರೋ ಕಡೆ ನಾಲ್ಕು ಟ್ರಂಪೆಟ್ಟೂ ಇವೆ. ರೆಕಾರ್ಡಿಗೆ ಹಾಕಿರೋದು ನಾಲ್ಕನೇ ಟೇಕು. ಅದರಲ್ಲಿ ಕೊನೆಗೆ ಮೂರೇ ಟ್ರಂಪೆಟ್. ಒಬ್ಬರು ಎಲ್ಲಿಗೆ ಹೋದ್ರು?" ನಾನು ಟೇಪಿನ ಡಬ್ಬಿ ಕೇಳಿದೆ. ಮುಚ್ಚಳದ ಮೇಲೆ ಮಾಸಿದ ಪೆನ್ಸಿಲಿನಲ್ಲಿ ತಾರೀಕು ಇತ್ತು. ನಿನ್ನ ಎದೆಯ ಆಪರೇಷನ್ ಆದ ದಿನ.

ಆ ದಿನ ನಿನಗೆ ಏಳು ವರ್ಷ. ಹೃದಯದಲ್ಲಿ ಹುಟ್ಟಿನಿಂದಲೇ ಇದ್ದ ತೂತು, ಎರಡು ಮೆಟ್ಟಿಲು ಹತ್ತಿದರೆ ತುಟಿ ನೀಲಿಯಾಗುತ್ತಿತ್ತು. ಬೆಳಿಗ್ಗೆ ಒಳಗೆ ಕರೆದೊಯ್ಯುವಾಗ ನೀನು ಅಪ್ಪನ ಬೆರಳು ಹಿಡಿದು, ಕಣ್ಣು ಬಿಟ್ಟಾಗ ಇಲ್ಲೇ ಇರಬೇಕು ಅಂದೆ. ಇರ್ತೀನಿ ಅಂದರು. ನೀನು ಕಣ್ಣು ಬಿಟ್ಟಾಗ ಅವರಿರಲಿಲ್ಲ. ಸಂಜೆ ಏಳಕ್ಕೆ ಟ್ರಂಪೆಟ್ ಕೈಯಲ್ಲಿ ಹಿಡಿದು ಬಂದರು, ನೀನು ಗೋಡೆಯ ಕಡೆ ತಿರುಗಿಕೊಂಡೆ. ಅದೇನು ಒಂದು ದಿನಕ್ಕೆ ಮುಗಿಯಿತೇ? ಇಪ್ಪತ್ತೆರಡನೇ ವಯಸ್ಸಿನಲ್ಲಿ ಕೆಲಸ ಸಿಕ್ಕಿ ಹೊರಟು ನಿಂತಾಗ, "ನಿಮಗೆ ಮಗಳಿಗಿಂತ ಮೇಷ್ಟ್ರೇ ಹೆಚ್ಚು, ಅವತ್ತೇ ಗೊತ್ತಾಯ್ತು ಬಿಡಿ" ಅಂದೆ. ಅವರು ಟ್ರಂಪೆಟ್ ಒರೆಸುತ್ತಿದ್ದರು, ಒರೆಸುತ್ತಲೇ ಇದ್ದರು. ನಾನು ನಿನ್ನ ಬಟ್ಟೆ ಮಡಿಸುತ್ತಿದ್ದೆ. ಆಮೇಲೆ ನೀನು ಬರುತ್ತಿದ್ದೆ, ಹೋಗುತ್ತಿದ್ದೆ, ಅವರ ಜೊತೆ ಹವಾಮಾನದ ಮಾತಾಡುತ್ತಿದ್ದೆ. ಅವರನ್ನು ಮಣ್ಣಿಗೆ ಒಪ್ಪಿಸಿದ ಮಾರನೇ ಬೆಳಿಗ್ಗೆಯ ರೈಲಿಗೇ ಹೊರಟೆ. ನಾನು ತಡೆಯಲಿಲ್ಲ.

ಸ್ಟುಡಿಯೋದಲ್ಲಿ ನುಡಿಸುವುದರ ನಡುವೆಯೂ ಟೇಪು ಓಡುತ್ತಲೇ ಇತ್ತಂತೆ. ಹಾಗಾಗಿ ಮಾತು, ಕೆಮ್ಮು, ಕುರ್ಚಿ ಎಳೆದದ್ದು ಎಲ್ಲ ಅದರಲ್ಲಿದೆ. ಮೊದಲು ಬಾಗಿಲ ಸದ್ದು, ಆಮೇಲೆ ಮೇಷ್ಟ್ರ ದನಿ: "ಏನಯ್ಯಾ ಇದು? ನಿನಗೆ ರಜಾ ಕೊಟ್ಟಿದ್ದೆನಲ್ಲ, ಮಗು ಹತ್ರ ಇರು ಅಂತ?" ನಿಮ್ಮಪ್ಪ ಹೇಳಿದರು, "ಅಲ್ಲಿ ನಿಂತಿರೋಕಾಗ್ಲಿಲ್ಲ ಮೇಷ್ಟ್ರೇ. ಕೂತ್ಕೋತೀನಿ, ನುಡಿಸೋಣ." ಯಾರೋ ಕುರ್ಚಿ ಕೊಟ್ಟರು. ಮೊದಲ ಸಲ ನುಡಿಸಿ ಮುಗಿಸಿ ಇನ್ನೂ ತಾಳದ ತಟ್ಟೆಯ ಗುಂಯ್ ಅನ್ನುವುದು ನಿಂತಿಲ್ಲ, ಅವರ ದನಿ: "ಫೋನ್ ಬಂತಾ?" ಇಲ್ಲ ಅಂದರು ಯಾರೋ. ಎರಡನೇ ಸಲ ಆದ ಮೇಲೆ, "ಫೋನ್ ಬಂತಾ?" ಮೂರನೆಯದಾದ ಮೇಲೂ ಅದೇ. ಗುಬ್ಬೀ, ನಲವತ್ತಮೂರು ವರ್ಷ ಅವರ ಜೊತೆ ಒಂದೇ ಮನೆಯಲ್ಲಿದ್ದೆ, ಅವರು ಒಂದು ಪ್ರಶ್ನೆಯನ್ನು ಎರಡನೇ ಸಲ ಕೇಳಿದ್ದನ್ನು ನಾನು ಕಂಡಿಲ್ಲ.

ನಾಲ್ಕನೇ ಸಲ ಅವರ ಭಾಗ ಬಂತು. ಆ ಸ್ಟುಡಿಯೋದ ಫೋನಿಗೆ ಗಂಟೆ ಇರಲಿಲ್ಲ, ಬಾಗಿಲ ಮೇಲೆ ಹಳದಿ ದೀಪ ಹೊತ್ತಿಕೊಳ್ಳುತ್ತಿತ್ತು, ಅದು ನನಗೆ ಗೊತ್ತು. ಅವರ ಭಾಗ ಮುಗಿಯುವ ಮೊದಲೇ ಅದು ಹೊತ್ತಿರಬೇಕು. ಕೊನೆಯ ಸ್ವರ ತುಂಡಾದಲ್ಲಿ ಟೇಪಿನಾಕೆ ಬೇರೆ ಸದ್ದುಗಳನ್ನೆಲ್ಲ ತಗ್ಗಿಸಿ, ಒಂದನ್ನು ಮಾತ್ರ ಹಿಗ್ಗಿಸಿ ಕೇಳಿಸಿದಳು. ಬ್ಯಾಂಡು ನುಡಿಸುತ್ತಿದೆ, ಅದರ ಹಿಂದೆ ಒಂದು ಬೂಟು ನೆಲಕ್ಕೆ ಮೆತ್ತಗೆ ಬಿತ್ತು, ಆಮೇಲೆ ಇನ್ನೊಂದು, ಆಮೇಲೆ ಕಾಲುಚೀಲದ ಹೆಜ್ಜೆ. ಮುದ್ರಣ ಹಾಳಾಗಬಾರದೆಂದು ಬೂಟು ಬಿಚ್ಚಿಟ್ಟು ಹೋಗಿದ್ದಾರೆ. ಹಾಗಾಗಿ ಕೊನೆಯಲ್ಲಿ ಮೂರೇ ಟ್ರಂಪೆಟ್. ಎಲ್ಲ ನಿಂತ ಮೇಲೆ ಬಾಗಿಲು ತೆರೆಯಿತು. "ಆಸ್ಪತ್ರೆಯಿಂದನಾ?" ಎಂದು ಮೇಷ್ಟ್ರು ಕೇಳಿದರು. ನಿಮ್ಮಪ್ಪ ಕುರ್ಚಿ ಎಳೆದ ಸದ್ದು, ಆಮೇಲೆ ಅವರ ದನಿ: "ಅಲ್ಲ. ನಾಳೆ ಪಿಯಾನೊ ಶ್ರುತಿ ಮಾಡೋರು ಬರ್ತಾರಂತೆ." ಯಾರೂ ನಗಲಿಲ್ಲ. ಮತ್ತೊಂದು ಸಲ ಮಾಡೋಣವೇ ಎಂದು ಮುದ್ರಣದವರು ಕೇಳಿದ್ದಕ್ಕೆ ಮೇಷ್ಟ್ರು ಅಂದರು: "ಬೇಡ. ಇದೇ ಇರಲಿ. ಇನ್ನೊಂದ್ಸಲ ನುಡಿಸೋ ಶಕ್ತಿ ಅವನಿಗಿಲ್ಲ, ಕೇಳೋ ಶಕ್ತಿ ನನಗಿಲ್ಲ."

ಈಗ ಕಂಪನಿಯವರು ಈ ಮಾತುಗಳನ್ನೂ ಹೊಸ ಮುದ್ರಣದಲ್ಲಿ ಸೇರಿಸಬೇಕೆಂದಿದ್ದಾರೆ. ಮನೆಯವರು ಒಪ್ಪಿ ಬರೆದುಕೊಡಬೇಕು, ನನ್ನದೂ ನಿನ್ನದೂ ಸಹಿ ಬೇಕು. ನಾನು ಇನ್ನೂ ಹಾಕಿಲ್ಲ. ಅದು ಅವರ ಖಾಸಗಿ ಭಯ, ಊರಿಗೆಲ್ಲ ಕೇಳಿಸಬೇಕೇ ಎಂದು ಒಮ್ಮೆ ಅನಿಸುತ್ತದೆ. ಬದುಕಿಡೀ ಮೂಗ ಎನಿಸಿಕೊಂಡವರ ದನಿ ಅಷ್ಟಾದರೂ ಉಳಿಯಲಿ ಎಂದು ಇನ್ನೊಮ್ಮೆ ಅನಿಸುತ್ತದೆ. ನಿರ್ಧಾರ ನಿನಗೇ ಬಿಟ್ಟಿದ್ದೇನೆ. ಟೇಪಿನಾಕೆ ಆ ದಿನದ್ದನ್ನಷ್ಟೇ ಒಂದು ಕ್ಯಾಸೆಟ್ಟಿಗೆ ಇಳಿಸಿಕೊಟ್ಟಿದ್ದಾಳೆ, ಇದರ ಜೊತೆ ಹತ್ತಿಯಲ್ಲಿ ಸುತ್ತಿ ಇಟ್ಟಿದ್ದೇನೆ. ಒಬ್ಬಳೇ ಇದ್ದಾಗ ಕೇಳು.

ಎದೆ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣು, ಕೂತಲ್ಲೇ ಕೂತು ನಕ್ಷೆ ನೋಡಬೇಡ. ಅಳಿಯಂದಿರಿಗೆ ಕೇಳಿದೆನೆಂದು ತಿಳಿಸು. ನಿನ್ನ ಆಯಸ್ಸು ಗಟ್ಟಿಯಾಗಿರಲಿ, ನನಗೆ ಬೇರೆ ಏನೂ ಬೇಡ.

ನಿನ್ನ
ಅಮ್ಮ

ಮರೆತ ಮಾತು: ಮರೆತದ್ದೇನಲ್ಲ, ಬೇಕೆಂದೇ ಬಿಟ್ಟೆ. ಲಕೋಟೆ ಮಡಿಸಿದ ಮೇಲೆ ಮತ್ತೆ ಬಿಚ್ಚಿದ್ದೇನೆ. ಕ್ಯಾಸೆಟ್ ಹಾಕುವ ಮೊದಲು ಇದನ್ನು ಓದು. ಮೂರನೇ ಸಲ ಆದ ಮೇಲೆ ಮೇಷ್ಟ್ರು, "ನೀನೇ ಫೋನ್ ಮಾಡಿ ಕೇಳಯ್ಯಾ" ಅನ್ನುತ್ತಾರೆ. ನಿಮ್ಮಪ್ಪ, "ಮಾಡ್ತೀನಿ ಅಂದಿದ್ದಾಳೆ. ಮಾಡಿಲ್ಲ ಅಂದ್ರೆ ಇನ್ನೂ ಮುಗಿದಿಲ್ಲ ಅಂತ" ಅನ್ನುತ್ತಾರೆ. ಮಾಡುತ್ತೇನೆ ಅಂದವಳು ನಾನು. ಅವರು ತಾವಾಗಿ ಹೋಗಲಿಲ್ಲ ಗುಬ್ಬೀ, ನಾನು ಕಳಿಸಿದೆ. ಆಸ್ಪತ್ರೆಯ ಕಾರಿಡಾರಿನಲ್ಲಿ ಬಿಳುಚಿಕೊಂಡು ನಿಂತಿದ್ದರು. "ನಿಮ್ಮ ಮುಖ ನೋಡಿದ್ರೆ ಮಗು ಹೋಗೇಬಿಡ್ತು ಅನ್ಸತ್ತೆ, ದಯವಿಟ್ಟು ಎಲ್ಲಾದ್ರೂ ಹೋಗಿ, ನಾನು ಫೋನ್ ಮಾಡೋವರೆಗೂ ಬರಬೇಡಿ" ಎಂದು ಕೂಗಿದೆ. ನೀನು ಉಳಿದೆ ಎಂದು ಡಾಕ್ಟರು ಬಂದು ಹೇಳಿದ್ದು ಒಂದೂವರೆಗೆ. ನಾಲ್ಕನೇ ಟೇಕು ಮೂರೂವರೆಗೆ ಎಂದು ಡಬ್ಬಿಯ ಮೇಲಿದೆ. ಕೆಳಗಿನ ಮಹಡಿಯಲ್ಲೇ ಫೋನಿತ್ತು, ನಾನು ಮಾಡಿದ್ದು ಆರೂವರೆಗೆ. ಹೋಗಿ ಅಂದವಳು ನಾನೇ, ಹೋಗಿಬಿಟ್ಟರಲ್ಲ ಎಂದು ಕೋಪ ಬಂದಿತ್ತು, ಇನ್ನೇನೂ ಕಾರಣವಿಲ್ಲ. ನೀನು ಕಣ್ಣು ಬಿಟ್ಟು ಅಪ್ಪ ಎಲ್ಲಿ ಅಂದಾಗ, ರೆಕಾರ್ಡಿಂಗಿಗೆ ಹೋದರು ಅಂದೆ. ಅಷ್ಟೇ ಅಂದೆ. ಅವರು ಅವತ್ತೂ ಬಾಯಿಬಿಡಲಿಲ್ಲ, ನೀನು ಹೊರಟು ನಿಂತ ದಿನವೂ ಬಿಡಲಿಲ್ಲ. ಆ ದಿನ ಒಮ್ಮೆ ನನ್ನ ಮುಖ ನೋಡಿದರು, ನಾನು ಬಟ್ಟೆ ಮಡಿಸುತ್ತಲೇ ಇದ್ದೆ. ಅಂಚೆ ಕಚೇರಿ ಮುಚ್ಚುವ ಹೊತ್ತಾಯಿತು. ಮತ್ತೊಮ್ಮೆ ಓದಿದರೆ ಹರಿದುಹಾಕುತ್ತೇನೆ, ಓದದೆ ಅಂಟಿಸುತ್ತಿದ್ದೇನೆ.