ಕಟಾಫ್ ತೆಗೆಸಿದ ಹೀಟರ್

ಡಿ. 8, ಬೆಳಗ್ಗೆ 7

ಕೋಣೆ 22 ಡಿಗ್ರಿ. ಬೇಕಿರುವುದು 27. ಪುಟ್ಟಿಯ ಕಾಲು ತಣ್ಣಗೆ. ಕಾಲುಚೀಲದ ಮೇಲೆ ಇನ್ನೊಂದು ಕಾಲುಚೀಲ. ದಿನ ತುಂಬುವ ಒಂದು ತಿಂಗಳು ಮುಂಚೆ ಹುಟ್ಟಿದವಳು, ಒಂದು ಕಿಲೋ ಎಂಟುನೂರೈವತ್ತು. "ಬೆಚ್ಚಗಿಟ್ಟರೆ ಸಾಕು, ತಾನೇ ತೂಕ ಹಾಕ್ತಾಳೆ" ಅಂದರು ಡಾಕ್ಟರು. ಸಾಕಂತೆ! ಇವಳಪ್ಪ ಚಂದನ್ ನೇವಿ ಹಡಗಿನಲ್ಲಿ. ಬಂದರು ಮುಟ್ಟಿದರೇ ಫೋನು.

ವಿಜಯವಾಡದಿಂದ ವಾರಗಿತ್ತಿ ಹಿಮಬಿಂದು ಅಕ್ಕ ಕಳಿಸಿದ ಆಯಿಲ್ ಹೀಟರ್ ನಿನ್ನೆ ಬಂತು. ಬಸ್ಸಿನ ಡಿಕ್ಕಿಯಲ್ಲಿ ಮಲಗಿಸಿ ತಂದಿದ್ದಾರೆ. "ನಿಲ್ಲಿಸಿ ಒಂದು ದಿನ ಬಿಡಮ್ಮಾ, ಎಣ್ಣೆ ಕೆಳಗಿಳಿಯಲಿ" ಅಂದಿದ್ದಾರೆ ಅಕ್ಕ. ಬಿಟ್ಟಿದ್ದೇನೆ. ಸಮುದ್ರದ ಪಕ್ಕದ ಈ ಮಧುರವಾಡದಲ್ಲಿ ಹೀಟರಾ ಅಂತ ವಾಚ್‌ಮನ್ ನಕ್ಕ. ನಗಲಿ.

ಡಿ. 9

ಹಾಕಿದೆ. ಟಿಕ್ ಟಿಕ್ ಸದ್ದು. ಎಕ್ಸ್‌ಟೆನ್ಷನ್ ಬೋರ್ಡ್ ಸುಡತೊಡಗಿತು — ಎಸಿಯ ದಪ್ಪ ಪಿನ್ನಿನ ಸಾಕೆಟ್ಟಿಗೆ ಬದಲಾಯಿಸಿದೆ. ಸಂಜೆಗೆ 27! ಪುಟ್ಟಿ ಎರಡು ಗಂಟೆ ನಿದ್ದೆ. ನಾನು ಪಕ್ಕದಲ್ಲಿ ಉಸಿರು ಎಣಿಸುತ್ತಾ...

ಡಿ. 12, ಮಧ್ಯಾಹ್ನ

ಮೂರು ದಿನದಿಂದ ಇದೇ ಗೋಳು. ಹನ್ನೊಂದಕ್ಕೆ ನನ್ನ ಸ್ನಾನ. ಆಮೇಲೆ ಬಾಣಂತನಕ್ಕೆ ಬಂದಿರುವ ಅಮ್ಮ ಪಕ್ಕದ ಕೋಣೆಯಲ್ಲಿ ನನ್ನ ತಲೆಗೆ ಸಾಂಬ್ರಾಣಿ ಹೊಗೆ ಕೊಟ್ಟು, ಒಂದು ಗಂಟೆ ಮಲಗಿಸುತ್ತಾಳೆ. ಎದ್ದು ಬಂದರೆ ಹೀಟರ್ ಆಫ್, ಅದರ ಲೈಟೂ ಇಲ್ಲ. ಕೋಣೆ 23. ಸ್ವಲ್ಪ ಆರಿದ ಮೇಲೆ ತಾನೇ ಹೊತ್ತಿಕೊಳ್ಳುತ್ತದೆ. ಧೂಳು ಒರೆಸಿದೆ, ಪಿನ್ ಒರೆಸಿದೆ, ಗೋಡೆಯಿಂದ ದೂರ ಸರಿಸಿದೆ. ಏನೂ ಆಗಲಿಲ್ಲ. ನನ್ನ ಕರ್ಮ.

ಡಿ. 13

ಎಲೆಕ್ಟ್ರಿಷಿಯನ್ ಬಾಬ್ಜಿ ಬಂದ. ಬಿಚ್ಚಿದ. ಎಣ್ಣೆ ಸೋರಿಲ್ಲ, ಕಾಯಿಲ್ ಸರಿಯಿದೆ. ಹೆಚ್ಚು ಬಿಸಿಯಾದರೆ ಕರೆಂಟು ಕಡಿಯುವ ಕಟಾಫ್ ಇದೆಯಂತೆ, ಅದೇ ಕಡಿಯುತ್ತಿದೆ. "ಏದೋ ಕಾರಣಂ ಉಂಟುಂದಿ ಮೇಡಂ" ಅಂದ. ಏನೋ ಕಾರಣ ಇರುತ್ತದಂತೆ. ಅದನ್ನು ಹುಡುಕುತ್ತಾ ಕೂರಲೇ? "ಕಟಾಫ್ ತೆಗೆದು ಡೈರೆಕ್ಟ್ ಕೊಟ್ಟುಬಿಡಿ" ಅಂದೆ.

"ವದ್ದು ಮೇಡಂ. ಚಿನ್ನಪಾಪ ಉಂದಿ."

ಬೇಡವಂತೆ! ಪಾಪು ಇದೆ ಅಂತಲೇ ಹೇಳುತ್ತಿರುವುದು ಮಾರಾಯ! ರೇಗಿದೆ. ತಲೆ ಕೆರೆದುಕೊಂಡು ಡೈರೆಕ್ಟ್ ಕೊಟ್ಟು ಹೋದ. ಅಮ್ಮ ಅಡುಗೆಮನೆಯಲ್ಲಿದ್ದಳು. ಹೇಳಲಿಲ್ಲ.

ಡಿ. 16

ಮೂರು ದಿನ, ಒಮ್ಮೆಯೂ ಆಫ್ ಆಗಿಲ್ಲ. ತೂಕ ಎರಡು ಕಿಲೋ! ಎರಡು!! ಆಸ್ಪತ್ರೆಯ ಕಾರಿಡಾರಿನಲ್ಲೇ ಅತ್ತುಬಿಟ್ಟೆ.

ಡಿ. 20

 ಬರೆದೇ ಬಿಡುತ್ತೇನೆ.

ನಿನ್ನೆ ಸ್ನಾನದಲ್ಲಿದ್ದೆ. ಸುಟ್ಟ ವಾಸನೆ. ಒದ್ದೆ ಮೈಯಲ್ಲೇ ಓಡಿದೆ. ಹೀಟರ್ ಮೇಲೆ ಸಾಲಾಗಿ ಪುಟ್ಟಿಯ ಲಂಗೋಟಿಗಳು, ಮೇಲೊಂದು ದಪ್ಪ ಟವೆಲ್. ಟವೆಲ್ ಕಂದಿ ಹೊಗೆಯಾಡುತ್ತಿತ್ತು. ಪುಟ್ಟಿ ಎರಡೇ ಮಾರು ದೂರದಲ್ಲಿ. ಅಮ್ಮ ಬರಿಗೈಯಲ್ಲಿ ಎಳೆದು ಬಿಸಾಡಿದಳು. ಅಂಗೈ ತುಂಬ ಬೊಬ್ಬೆ. ಪುಟ್ಟಿಗೆ ಏನೂ ಆಗಿಲ್ಲ. ನಾನು ಸ್ವಿಚ್ ಆರಿಸಿ ಪ್ಲಗ್ ಕಿತ್ತೆ.

"ದಿನಾ ಲಂಗೋಟಿ ಹಿಂಗೇ ಒಣಗಿಸ್ತಿದ್ದೆ ಕಣೇ, ಟವೆಲ್ ಇವತ್ತೇ ಹಾಕಿದ್ದು. ನೀನು ಬರೋಷ್ಟರಲ್ಲಿ ತೆಗೆದಿಡ್ತಿದ್ದೆ, ಬಯ್ತೀಯ ಅಂತ. ಈ ಬಾಲ್ಕನಿ ನಾಲ್ಕು ಟವರ್‌ಗೆ ಕಾಣುತ್ತೆ. ಎಳೆ ಕೂಸಿನ ಬಟ್ಟೆ ಹೊರಗೆ ಹರವಿದ್ರೆ ದೃಷ್ಟಿ ಆಗಲ್ವಾ?"

ದಿನವೂ. ಹನ್ನೊಂದಕ್ಕೆ. ಅದಕ್ಕೇ ಕಟಾಫ್ ಕಡಿಯುತ್ತಿದ್ದುದು. ಹೀಟರ್ ಕೆಟ್ಟೇ ಇರಲಿಲ್ಲ. ನಮ್ಮನ್ನು ಕಾಯುತ್ತಿತ್ತು. ಆ ಕಟಾಫನ್ನು ತೆಗೆಸಿದವಳು ನಾನು.

ಡಿ. 21, ಸಂಜೆ 4

ಹೀಟರ್ ಮೂಲೆಯಲ್ಲಿ, ಪ್ಲಗ್ ಹಾಕದೆ. ಪುಟ್ಟಿ ನನ್ನ ಎದೆಯ ಮೇಲೆ, ಸೆರಗಿನೊಳಗೆ. ಕಾಲು ಬೆಚ್ಚಗಿದೆ.

ಬೆಳಗ್ಗೆ ಚಂದನ್ ಫೋನು. ಬಟ್ಟೆಯ ಸುದ್ದಿ ಹೇಳಿದೆ. ಅದಷ್ಟೇ. "ನಿಮ್ಮಮ್ಮನಿಗೆ ಬುದ್ಧಿ ಬೇಡ್ವಾ? ಮಗು ಸುಟ್ಟುಹೋಗಿದ್ರೆ?" ಸ್ಪೀಕರ್‌ನಲ್ಲಿತ್ತು. ಅಮ್ಮ ಬಾಗಿಲಲ್ಲಿ ನಿಂತಿದ್ದಳು. ಕಟಾಫ್ ತೆಗೆಸಿದ್ದು ನಾನು ಅಂತ ಆಗಲೂ ಹೇಳಲಿಲ್ಲ. ಥೂ.

ಆಗಿನಿಂದ ಅಮ್ಮ ಪುಟ್ಟಿಯನ್ನು ಮುಟ್ಟಿಲ್ಲ. "ನಾಳೆ ಹಿಮಬಿಂದು ಬರ್ತಾರೆ, ಮಾತಾಡಿದೀನಿ. ನಾನು ತುಮಕೂರಿಗೆ ಹೋಗ್ತೀನಿ. ನನ್ನ ಕೈಗುಣ ಸರಿಯಿಲ್ಲ ಕಣೇ" ಅಂದಳು. ಬೊಬ್ಬೆಯ ಕೈಯಲ್ಲಿ ಸೀರೆ ಮಡಿಸುತ್ತಿದ್ದಾಳೆ. ಬ್ಯಾಗಿನ ಜಿಪ್ ಎಳೆಯಲು ಆಗುತ್ತಿಲ್ಲ. ಮತ್ತೆ ಮತ್ತೆ ಎಳೆಯುತ್ತಿದ್ದಾಳೆ, ಇಲ್ಲಿಗೆ ಕೇಳಿಸುತ್ತಿದೆ.

ಅಮ್ಮಾ, ತಡಿ. ಆ ಕಟಾಫ್ ನಾನೇ ಬಾಬ್ಜಿಗೆ ಹೇಳಿ —