ಉಳಿದ ಚೂರು

ಲ್ಯಾಬಿನ ಡಾಕ್ಟರಮ್ಮನವರಿಗೆ ನಮಸ್ಕಾರ.

ನಿಮ್ಮ ಪತ್ರ ಬಂತು. ನಮ್ಮ ಯಜಮಾನರ ಗಡ್ಡೆಯಿಂದ ತೆಗೆದು ಮೇಣದಲ್ಲಿ ಇಟ್ಟಿರುವ ಚೂರನ್ನು ನನಗೆ ವಾಪಸ್ ಕಳಿಸಬೇಕೋ, ಇಲ್ಲ ಐದು ಕ್ಯಾನ್ಸರ್ ಆಸ್ಪತ್ರೆಗಳು ಸೇರಿ ಮಾಡುತ್ತಿರುವ ಸಂಶೋಧನೆಗೆ ಇಟ್ಟುಕೊಳ್ಳಬಹುದೋ ಅಂತ ಕೇಳಿದ್ದೀರಿ. ಎರಡು ದಿನ ಪತ್ರ ಹೊಲಿಗೆ ಮೆಷಿನ್ ಮೇಲೇ ಇತ್ತು.

ಅವರು ದರ್ಜಿ. ಗಿರಾಕಿಯ ಬಟ್ಟೆಯಲ್ಲಿ ಬೆರಳಗಲ ಚೂರು ಉಳಿದರೂ ಗಂಟು ಕಟ್ಟಿ ವಾಪಸ್ ಕೊಡುತ್ತಿದ್ದರು. "ಉಳಿದದ್ದು ಅವರದ್ದು ಕಣೇ, ನಮ್ಮದಲ್ಲ" ಅನ್ನುತ್ತಿದ್ದರು. ಆ ಲೆಕ್ಕದಲ್ಲಿ ನಾನು ವಾಪಸ್ ಕೇಳಬೇಕು. ಆದರೆ ತಂದು ಎಲ್ಲಿಡಲಿ? ಕಪಾಟಿನ ತುಂಬ ಅವರ ಅಂಗಿಗಳೇ ಇವೆ.

ಇಲ್ಲಿನ ಡಾಕ್ಟರು ಅದೇ ಚೂರನ್ನು ನಿಮಗೆ ಕಳಿಸಿ, ನೀವಿಬ್ಬರೂ ಮಾತಾಡಿಕೊಂಡು ಔಷಧಿ ಬದಲಿಸಿದ ಮೇಲೆ ಅವರಿಗೆ ಇನ್ನೂ ಹನ್ನೊಂದು ತಿಂಗಳು ಸಿಕ್ಕಿತು. ಒಪ್ಪಿಕೊಂಡಿದ್ದ ಬಟ್ಟೆಯನ್ನೆಲ್ಲ ಹೊಲಿದು ಮುಗಿಸಿದರು. ಅದಕ್ಕೇ ಆ ಚೂರನ್ನು ನೀವೇ ಇಟ್ಟುಕೊಳ್ಳಿ. ಇದ್ದಾಗ ಪಕ್ಕದ ಬೀದಿಗೆ ಕರೆದರೂ ಬರದ ಮನುಷ್ಯ, ಈಗ ಐದು ಊರು ಸುತ್ತಲಿ.

ಫಾರಂ ಜೊತೆಗಿದೆ. "ರೋಗಿಯ ಸಹಿ" ಅನ್ನುವ ಜಾಗ ಖಾಲಿ ಬಿಟ್ಟಿದ್ದೇನೆ, ತಪ್ಪು ತಿಳಿಯಬೇಡಿ.

ಒಂದೇ ವಿನಂತಿ. ಹೊಲಿದದ್ದನ್ನು ಗಿರಾಕಿ ಒಮ್ಮೆ ತೊಟ್ಟು ತೋರಿಸದೆ ಅವರು ಅಂಗಡಿಯಿಂದ ಹೊರಗೆ ಬಿಡುತ್ತಿರಲಿಲ್ಲ. ಆ ಚೂರಿನಿಂದ ಯಾರಿಗಾದರೂ ಒಂದು ಔಷಧಿ ಹೊಂದಿದರೆ, ಆ ರೋಗಿಯ ಹೆಸರು ಬೇಡ, "ಸರಿಯಾಗಿ ಕೂತಿತು" ಅಂತ ಒಂದು ಕಾರ್ಡು ಬರೆದು ಹಾಕಿ. ಅಂಗಡಿ ವಿಳಾಸಕ್ಕೇ ಹಾಕಿ. ಹೊಲಿಯುವವರಿಲ್ಲ, ಆದರೂ ದಿನಾ ಬೆಳಿಗ್ಗೆ ಹೋಗಿ ಬಾಗಿಲು ತೆಗೆದು ಕೂತಿರುತ್ತೇನೆ.

ಇಷ್ಟೇ ಹೇಳುವುದಿತ್ತು.

ದರ್ಜಿಯ ಮನೆಯವಳು