ಸಪ್ಪೆನಾಲಿಗೆಯವಳು ಕಾದ ಬಾಗಿಲು

ಅಘನಾಶಿನಿಯ ಅಳಿವೆ, ಎರಡು ಸಾವಿರದ ಇನ್ನೂರ ಹತ್ತೊಂಬತ್ತು, ಆಶ್ವೀಜದ ಐವತ್ತೇಳನೆಯ ಉಬ್ಬರ.

ಇನ್ನೂರು ವರ್ಷಗಳ ಹಿಂದೆ ಗೋಡೆ ಕಟ್ಟಲು ಹೊರಟಿರುವ ಹಿರಿಯರಿಗೆ ಗಣಪಿ ಅಂಬಿಗ ಮಾಡುವ ನಮಸ್ಕಾರ. ನಾವು ದಿನ ಎಣಿಸುವುದನ್ನು ಬಿಟ್ಟು ಉಬ್ಬರ ಎಣಿಸುತ್ತೇವೆ. ತಾರೀಖು ವಿಚಿತ್ರವೆನಿಸಿದರೆ ಕ್ಷಮಿಸಿ. ಮಾತು ಒರಟೆನಿಸಿದರೆ ಸಹಿಸಿಕೊಳ್ಳಿ.

ಏರುವ ಕಡಲನ್ನು ತಡೆಯಲೆಂದು ನೀವು ಕಟ್ಟುವ ಗೋಡೆ ಇಲ್ಲಿ ಇನ್ನೂ ನಿಂತಿದೆ. ಅದರ ಹಿಂದೆ ಹೊಳೆ ಸಿಹಿನೀರಿನ ಕೆರೆಯಾಗಿ ಕೊಳೆಯುತ್ತಿದೆ. ಅಲ್ಲಿ ಸಿಕ್ಕಿಬಿದ್ದ ಮೀನುಗಳ ಸಂತಾನವನ್ನು ಒಳಮೀನು ಎನ್ನುತ್ತೇವೆ. ಮೀನು ಕಡಲಿಗೆ ಹೋಗಲು ಗೋಡೆಗೆ ಇರುವುದು ಒಂದೇ ಬಾಗಿಲು. ಒಳಮೀನು ಕಡಲಲ್ಲಿ ಬದುಕುವುದಿಲ್ಲ, ಆದ್ದರಿಂದ ಬಾಗಿಲು ದಂಡ, ಬೆಸುಗೆ ಹಾಕಿ ಮುಚ್ಚುತ್ತೇವೆ ಎಂದಿತು ಗೋಡೆಮಂಡಳಿ. ಬದುಕಿಸಿ ತೋರಿಸುತ್ತೇವೆ ಎಂದು ನಾವು ಹಟ ಹಿಡಿದೆವು.

ಸಿಹಿನೀರಿನ ಮೀನು ನೀರು ಕುಡಿಯುವುದಿಲ್ಲ. ನೀರೇ ಅದರ ಮೈಯೊಳಕ್ಕೆ ಇಳಿಯುತ್ತದೆ, ಅದು ಹೊರಹಾಕುತ್ತಲೇ ಇರುತ್ತದೆ. ಕಡಲಲ್ಲಿ ಎಲ್ಲವೂ ತಿರುಗುಮುರುಗು. ಉಪ್ಪುನೀರು ಮೈಯ ನೀರನ್ನು ಹೀರುತ್ತದೆ. ಮೀನು ಗಟಗಟನೆ ಕುಡಿದು, ಉಪ್ಪನ್ನು ಕಿವಿರಿನಿಂದ ಆಚೆ ತಳ್ಳಬೇಕು. ಆ ಕೆಲಸ ಕಲಿಯಲು ಕಿವಿರಿಗೆ ಕೆಲವು ದಿನ ಬೇಕು. ಹಾಗಾಗಿ ಕಲ್ಲುತೊಟ್ಟಿಗಳಲ್ಲಿ ಸ್ವಲ್ಪಸ್ವಲ್ಪವೇ ಉಪ್ಪು ಏರಿಸುತ್ತ, ನಾಲಿಗೆಯಲ್ಲೇ ರುಚಿ ನೋಡುತ್ತ ಹೋದೆವು. ಮೊದಲ ತಂಡ ಪೂರ್ತಿ ಸತ್ತಿತು. ಹೊಟ್ಟೆ ಮೇಲಾಗಿ ತೇಲುವುದನ್ನು ಕಂಡು ಅತ್ತುಬಿಟ್ಟೆ. ಮೂರು ಹೊತ್ತೂ ಒಣಮೀನು ತಿನ್ನುವ ನಮಗೆ ಎಷ್ಟು ಉಪ್ಪಾದರೂ ಸಪ್ಪೆಯೇ, ಹಾಗಾಗಿ ಅಳತೆ ಮೀರಿ ಸುರಿದಿದ್ದೆವು ಎಂಬುದು ಯಾರಿಗೂ ಹೊಳೆದಿರಲಿಲ್ಲ. ಹೊಳೆದದ್ದು ನನ್ನ ಅತ್ತೆ ಬೊಮ್ಮಕ್ಕನಿಗೆ. "ಮೀನಿಂದೆಂತ ತಪ್ಪಿಲ್ಲ ಮಾರಾಯ್ತಿ, ನಂ ನಾಲ್ಗೆನೇ ಸಮಾ ಇಲ್ಲ" ಎಂದರು.

ಅಂದಿನಿಂದ ನಾನು ಸಪ್ಪೆನಾಲಿಗೆ. ಅಂದರೆ ಗಂಜಿಗೂ ಉಪ್ಪು ಹಾಕಿಕೊಳ್ಳದೆ ತೊಟ್ಟಿಯ ನೀರಿನ ರುಚಿ ನೋಡುವವಳು. ಹಬ್ಬದ ದಿನ ಎಲ್ಲರ ತಟ್ಟೆ ನೋಡಿ ಸಿಟ್ಟೂ ಬರುತ್ತದೆ.

ಎರಡನೆಯ ತಂಡ ಬಾಗಿಲಾಚೆ ಕಡಲಿನ ಬಲೆಗೂಡಿನಲ್ಲಿ ಹುಣ್ಣಿಮೆಯಿಂದ ಅಮಾವಾಸ್ಯೆಯವರೆಗೆ ಬದುಕಿದೆ. ಇಂದು ಮಂಡಳಿಯವರು ಬೆಸುಗೆಯ ಸಾಮಾನು ಹೊತ್ತು ಬಂದಾಗ ಬೊಮ್ಮಕ್ಕ ಅವರೆದುರೇ ಉಪ್ಪುನೆಲದಲ್ಲಿ ಬೆಳೆಯುವ ಕಗ್ಗದಕ್ಕಿಯ ಒಂದು ಹಿಡಿ ಅನ್ನ ಎಸೆದರು. ಮೀನುಗಳು ಮುಗಿಬಿದ್ದು ತಿಂದವು. ಆದರೂ ಆಜ್ಞೆ ಆಜ್ಞೆಯೇ ಎನ್ನುತ್ತಾರೆ ಮಂಡಳಿಯವರು. ಗೂಡನ್ನು ಅಲ್ಲೇ ಬಿಚ್ಚಿ ಮೀನುಗಳನ್ನು ಕಡಲಿಗೆ ಬಿಟ್ಟೆ. ಈಗ ಬೊಮ್ಮಕ್ಕನೂ ನಾನೂ ಬೆಸುಗೆಗೆ ಅಡ್ಡವಾಗಿ ಬಾಗಿಲ ಹೊಸ್ತಿಲ ಮೇಲೆ ಕುಳಿತಿದ್ದೇವೆ. ಈ ಪತ್ರ ಬರೆಯುತ್ತಿರುವುದೂ ಅಲ್ಲಿಂದಲೇ.

ಗೋಡೆ ಬೇಡವೆಂದರೆ ನೀವು ಕೇಳುವವರಲ್ಲ. ಬಾಗಿಲನ್ನಾದರೂ ಅಗಲ ಮಾಡಿ. ಇದು ಎಷ್ಟು ಕಿರಿದೆಂದರೆ ಇಬ್ಬರು ಹೆಂಗಸರು ಕುಳಿತರೆ ತುಂಬಿಹೋಗುತ್ತದೆ. ಇವತ್ತಿನ ಮಟ್ಟಿಗೆ ಅದೇ ಒಳ್ಳೆಯದಾಯಿತು.

ಯಾರೋ ಗಂಜಿ ತಂದರು. ಉಪ್ಪು ಬೇಡವೆಂದೆ. ಮೂರನೆಯ ತಂಡ ತೊಟ್ಟಿಯಲ್ಲಿದೆ.